ಅವ್ವನ ಕೋಣೆಯ ಗೋಡೆ

ಅವ್ವನ ಕೈಚೀಲ ಕೋಣೆಯಿಂದ ಹೊರಬಂದು ಮುಂಬಾಗಿಲ ಪಕ್ಕ ಕೂತಿದ್ದನ್ನು ಧರ್ಮೇಂದ್ರ ಹಲ್ಲುಜ್ಜುತ್ತಲೇ ಕಂಡ. ಹಸಿರು ಚೀಲ, ಜಿಪ್ಪು ಕೆಟ್ಟು ಎಷ್ಟೋ ಕಾಲವಾಗಿದ್ದರಿಂದ ಬಾಯಿಗೆ ಟವೆಲ್ ಕಟ್ಟಿತ್ತು. ಗಂಟು ಬಿಗಿದಿದ್ದ ರೀತಿ ನೋಡಿದರೆ ಸುಮ್ಮನೆ ಹೆದರಿಸಲು ಕಟ್ಟಿದ ಹಾಗೆ ಕಾಣಲಿಲ್ಲ. ಮಧ್ಯಾಹ್ನದ ಬಸ್ಸಿಗೆ ಹೊಳೆನರಸೀಪುರ, ಅಲ್ಲಿಂದ ಅರಕಲಗೂಡು, ಅಲ್ಲಿಂದ ಕೊಣನೂರು, ಆಮೇಲೆ ಊರಿನ ಕಡೆ ಹೋಗುವ ಯಾವುದಾದರೂ ಆಟೋ. ದೀಪ ಹಚ್ಚುವ ಹೊತ್ತಿಗೆ ಅವಳು ತನ್ನ ಕಾಂಕ್ರೀಟ್ ಮೋಲ್ಡಿನ ಮನೆಯ ಜಗಲಿಯ ಮೇಲೆ ಕೂತು ಅಕ್ಕಪಕ್ಕದವರಿಗೆ ಮಗನ ಹೊಸ ಮನೆಯ ಸುದ್ದಿ ಹೇಳುತ್ತಿರುತ್ತಾಳೆ. ಏನೆಂದು ಹೇಳುತ್ತಾಳೆ? ಅದನ್ನು ನೆನೆದು ಅವನಿಗೆ ಬಾಯಲ್ಲಿದ್ದ ಪೇಸ್ಟು ಕಹಿಯಾಯಿತು. ಅವಳು ಬಂದು ಒಂದು ವಾರ. ಇನ್ನು ಇಲ್ಲೇ ಇದ್ದುಬಿಡಲಿ ಎಂದು ಅವನು ಕರೆತಂದಿದ್ದ, ಅವಳೂ ನೋಡೋಣ ಎಂಬಂತೆ ಬಂದಿದ್ದಳು. ಈ ಒಂದು ವಾರದಲ್ಲಿ ಅಡುಗೆ ಚೆನ್ನಾಗಿದೆ ಅಂದಳು, ಸೊಸೆ ಸೊರಗಿದ್ದಾಳೆ ಅಂದಳು, ಬೀದಿಯ ನಾಯಿ ಒಳ್ಳೆಯದು ಅಂದಳು. ಮನೆ ಚೆನ್ನಾಗಿದೆ ಅಂತ ಮಾತ್ರ ಅನ್ನಲಿಲ್ಲ. ನಲವತ್ತು ದಾಟಿದ ಗಂಡಸು, ಕಾಲೇಜಿನಲ್ಲಿ ಭೌತಶಾಸ್ತ್ರ ಪಾಠ ಮಾಡುವವನು, ತಾಯಿಯ ಬಾಯಿಂದ ಅದೊಂದು ಮಾತಿಗೆ ಹೀಗೆ ಬಾಯಿ ಬಿಡುವುದು ನಾಚಿಕೆಗೇಡು ಎಂದು ಅವನಿಗೂ ಗೊತ್ತಿತ್ತು. ಗೊತ್ತಿದ್ದರಿಂದ ಆಸೆಯೇನೂ ಕಡಿಮೆಯಾಗಲಿಲ್ಲ. ಬಾಯಿ ಮುಕ್ಕಳಿಸಿ ಒಳಗೆ ಬಂದ.

ಮನೆಯೇನು ಸಾಮಾನ್ಯದ್ದಲ್ಲ. ಚನ್ನರಾಯಪಟ್ಟಣದ ಹೊರಗೆ, ಹೆದ್ದಾರಿಯಿಂದ ಒಳಕ್ಕೆ ಸರಿದ ಹೊಸ ಬಡಾವಣೆಯಲ್ಲಿ, ಎಲ್ಲರ ಮನೆಯೂ ಗಾಜು, ಗ್ರಾನೈಟು, ಗುಲಾಬಿ ಬಣ್ಣ ಎಂದು ಮಿಂಚುವ ಸಾಲಿನಲ್ಲಿ, ಸುಣ್ಣವಿಲ್ಲದೆ ಬಣ್ಣವಿಲ್ಲದೆ ಕೆಂಪಗೆ ನಿಂತದ್ದು ಇದೊಂದೇ. ಮಳೆನೀರಿನ ತೊಟ್ಟಿಗೆಂದು ತೋಡಿದ ಗುಂಡಿಯ ಮಣ್ಣಿಗೇ ಚೂರು ಸಿಮೆಂಟು ಬೆರೆಸಿ, ಯಂತ್ರದಲ್ಲಿ ಒತ್ತಿ, ಬಿಸಿಲಲ್ಲಿ ಒಣಗಿಸಿ ಕಟ್ಟಿದ ಗೋಡೆಗಳು. ಸುಟ್ಟ ಇಟ್ಟಿಗೆ ಒಂದೂ ಇಲ್ಲ. ತಾರಸಿಯ ಕಾಂಕ್ರೀಟಿನ ನಡುವೆ ಹಳೆಯ ಹೆಂಚುಗಳನ್ನು ಕೂರಿಸಿದ್ದರಿಂದ ಸಿಮೆಂಟೂ ಉಳಿಯಿತು, ಏಪ್ರಿಲ್ ತಿಂಗಳ ಸೆಕೆಯೂ ಕೆಳಗಿಳಿಯಲಿಲ್ಲ. ಬಚ್ಚಲ ನೀರು ಜಲ್ಲಿಯ ಕಾಲುವೆಯಲ್ಲಿ ಹರಿದು, ಕಾಬಾಳೆ ಗಿಡಗಳ ಬೇರುಗಳಲ್ಲಿ ಸೋಸಿ, ಹಿತ್ತಲಿನ ಬಸಳೆಗೂ ನುಗ್ಗೆಗೂ ಹೋಗುತ್ತದೆ. ತೆಂಗಿನಕಾಯಿ ಮಾರುಕಟ್ಟೆಯಿಂದ ಮೂಟೆಗಟ್ಟಲೆ ಸಿಪ್ಪೆ ತಂದು ಗಿಡಗಳ ಬುಡಕ್ಕೆ ಹೂತಿದ್ದಾನೆ, ವಾರವಾದರೂ ಮಣ್ಣು ಆರುವುದಿಲ್ಲ. ಇದನ್ನೆಲ್ಲ ಅವನು ಭಾನುವಾರಗಳಂದು ನೋಡಲು ಬರುವವರಿಗೆ ತೋರಿಸುತ್ತಾನೆ. ಬಾಗಿಲಿಂದ ಶುರುಮಾಡಿ ಹಿತ್ತಲವರೆಗೆ ಒಂದು ಭಾಷಣವೇ ಇದೆ, ಎಲ್ಲಿ ನಿಲ್ಲಬೇಕು, ಎಲ್ಲಿ ಗೋಡೆಯ ಮೇಲೆ ಕೈಯಿಟ್ಟು ಬಂದವರನ್ನೂ ಇಡಿಸಬೇಕು, ಎಲ್ಲಿ ಸುಮ್ಮನಿದ್ದು ಅವರೇ "ಅಬ್ಬಾ, ಎಷ್ಟು ತಣ್ಣಗಿದೆ!" ಅನ್ನುವವರೆಗೆ ಕಾಯಬೇಕು ಎಂಬುದೆಲ್ಲ ಅವನಿಗೆ ಪಾಠದಷ್ಟೇ ಬಾಯಿಪಾಠ. ಹೆಂಡತಿ ಶಾಂತಿ ಇದಕ್ಕೆ ಪೂಜೆ ಎಂದು ಹೆಸರಿಟ್ಟಿದ್ದಾಳೆ. "ಇವತ್ತು ಎಷ್ಟು ಗಂಟೆಗೆ ರೀ ನಿಮ್ಮ ಪೂಜೆ?" ಎಂದು ಕೇಳುತ್ತಾಳೆ. ಇವತ್ತು ಹತ್ತೂವರೆಗೆ. ಶ್ರವಣಬೆಳಗೊಳದ ಪಾತ್ರೆ ವ್ಯಾಪಾರಿ ಪದ್ಮಕುಮಾರ್, ಅವರ ಹೆಂಡತಿ ಚಕ್ರೇಶ್ವರಿ. ಮನೆ ಕಟ್ಟಿಸುವ ಮುಂಚೆ ಒಮ್ಮೆ ನೋಡಿಕೊಂಡು ಹೋಗುತ್ತೇವೆ ಎಂದು ಫೋನ್ ಮಾಡಿದ್ದರು.

ಅವ್ವ ನಡುಮನೆಯ ಮಧ್ಯದಲ್ಲಿ, ನಾಲ್ಕೂ ಗೋಡೆಗಳಿಂದ ದೂರವಾಗಿ, ಚಾಪೆಯ ಮೇಲೆ ಕೂತು ಅವರೆಕಾಯಿ ಸುಲಿಯುತ್ತಿದ್ದಳು. ಅವಳ ಹೆಸರು ದೊಡ್ಡಮ್ಮ, ತೀರಿಕೊಂಡ ಅಪ್ಪನದು ಸಣ್ಣಯ್ಯ. ಇದನ್ನಿಟ್ಟುಕೊಂಡು ಕೇರಿಯವರು ಅಪ್ಪನನ್ನು ರೇಗಿಸುತ್ತಿದ್ದರು, ಅವನು ನಗುತ್ತಿದ್ದ. "ಬ್ಯಾಗ್ ಯಾಕವ್ವ ಕಟ್ಟಿದ್ದೀಯ?" ಎಂದು ಧರ್ಮೇಂದ್ರ ಆದಷ್ಟು ಹಗುರವಾಗಿ ಕೇಳಿದ. "ಓಯ್ತೀನಿ ಕಣ್ಲಾ. ಮನೆ ಬೀಗ ಆಕ್ಬುಟ್ಟು ಎಷ್ಟ್ ದಿನ ಕುಂತ್ಕಳದು? ನಮ್ಮನೆ ಅಂಗೇ ಬುಟ್ರೆ ಇಲಿ ಸೇರ್ಕತವೆ." ಸಿಮೆಂಟಿನ ನೆಲಕ್ಕೆ ಇಲಿ ಎಲ್ಲಿಂದ ಬರಬೇಕು ಎಂದು ಅವನು ವಾದಿಸಲಿಲ್ಲ. ಕಾಳು ಸುಲಿಯುತ್ತಲೇ ಅವಳು, ತಲೆ ಎತ್ತದೆ, ವಾರದಿಂದ ಕೇಳುತ್ತಿದ್ದ ಪ್ರಶ್ನೆಯನ್ನೇ ಮತ್ತೆ ಕೇಳಿದಳು: "ಗಾರೆ ಯಾವಾಗ್ ಮಾಡುಸ್ತೀಯ? ಓಗ್ಲಿ, ಮನೆಗೆಲ್ಲ ಬ್ಯಾಡ. ನನ್ ಕ್ವಾಣೆ ಒಂದ್ನೇ ಯಾಕ್ಲಾ ಅರ್ಧಕ್ಕೆ ಬುಟ್ಟಿದ್ದೀಯ?" ಅವಳು ಬಂದ ದಿನದ ಹಾಗೆಯೇ ಅವನು ಇವತ್ತೂ ಗುಟ್ಟಿನ ನಗೆ ನಕ್ಕು, "ಇವತ್ತು ಹೇಳ್ತೀನಿ ತಾಳವ್ವ" ಅಂದ. ಆ ನಗೆ ಅವಳಿಗೆ ಹಿಡಿಸಲಿಲ್ಲ ಎಂಬುದು ಸಿಪ್ಪೆ ಬಿಸಾಡಿದ ರಭಸದಲ್ಲೇ ಕಾಣುತ್ತಿತ್ತು.

ಗುಟ್ಟು ಇಷ್ಟೇ. ಅವ್ವನಿಗೆಂದು ಮಾಡಿಸಿದ ಕೋಣೆಯಲ್ಲಿ, ಮೂಡಲ ಕಿಟಕಿಯ ಎದುರಿನ ಗೋಡೆಯನ್ನು ಮಾತ್ರ ಮಿಕ್ಕವುಗಳಂತೆ ಸಂದು ತುಂಬಿಸಿ ನಯ ಮಾಡಿಸದೆ ಒರಟಾಗಿ ಬಿಟ್ಟಿದ್ದ. ಅದನ್ನು ಕೆಮ್ಮಣ್ಣು, ಸಗಣಿ, ಹುಲ್ಲಿನ ಚೂರು ಕಲಸಿ ಅವ್ವನೇ ಕೈಯಾರೆ ಮೆತ್ತಬೇಕು. ಅವಳ ಬೆರಳಿನ ಗೆರೆಗಳು ಆ ಗೋಡೆಯಲ್ಲಿ ಉಳಿಯಬೇಕು. ನಕ್ಷೆ ಬರೆಯುವಾಗಲೇ ಅವನಿಗೆ ಹೊಳೆದದ್ದು ಇದು. ಹೊಳೆದ ದಿನ ಕಣ್ಣಲ್ಲಿ ನೀರು ಬಂದಿತ್ತು, ತನ್ನ ಬಗ್ಗೆಯೇ ಬಲು ಮೆಚ್ಚುಗೆಯಾಗಿತ್ತು. ಮಣ್ಣು ನೆನೆಹಾಕಿ ನಾಲ್ಕೈದು ದಿನವಾಗಿ ಹದವಾಗಿ ಕೊಳೆತಿದೆ, ಕೋಣೆಯ ಹೊರಗೆ ನಾಲ್ಕಾರು ಬಾಂಡ್ಲಿಗಳಲ್ಲಿ ಗೋಣಿ ಮುಚ್ಚಿ ಇಟ್ಟಿದ್ದಾನೆ. ಶಾಂತಿ ಒಮ್ಮೆ "ಅತ್ತೇನ ಒಂದು ಮಾತು ಕೇಳಿದ್ರಾ?" ಅಂದಿದ್ದಳು. ಕೇಳುವುದೇನಿದೆ! ಚಿಕ್ಕಂದಿನಲ್ಲಿ ಅವನು ನೋಡಿದ ಚೆಲುವಾದ ವಸ್ತು ಯಾವುದೆಂದರೆ ಹಬ್ಬಕ್ಕೆ ಮುಂಚೆ ಗೋಡೆ ಮೆತ್ತುವ ಅವ್ವನ ಅಂಗೈ. ಊರ ಮುಂದಿನ ದೊಡ್ಡ ಮನೆಗಳಿಗೆ ಅವಳನ್ನೇ ಕರೆಯುತ್ತಿದ್ದರು. ಅವನು ಮಣ್ಣಿನ ರಾಶಿಯ ಪಕ್ಕ ಕೂತು ನೋಡುತ್ತಿದ್ದ. ಅಂಗೈ ಎಡದಿಂದ ಬಲಕ್ಕೆ ಬಾಗಿ ಹೋದಂತೆ ಹಿಂದೆ ಐದು ಬೆರಳಿನ ಗೆರೆ ಬಿದ್ದು, ಅದರ ಮೇಲೆ ಮತ್ತೊಂದು ಬಿದ್ದು, ಗೋಡೆ ಹಸಿಯಾಗಿ ಹೊಳೆಯುತ್ತ ಮೇಲೇರುತ್ತಿತ್ತು. ಭಾನುವಾರದ ಭಾಷಣದಲ್ಲಿ ಇದೂ ಬರುತ್ತದೆ. ನಮ್ಮವ್ವನ ಕೈಯೇ ನನ್ನ ಮೊದಲ ಇಂಜಿನಿಯರಿಂಗ್ ಕಾಲೇಜು ಅನ್ನುತ್ತಾನೆ. ಬಂದವರು ತಲೆದೂಗುತ್ತಾರೆ.

ಎಲ್ಲರೂ ತಲೆದೂಗಲಿಲ್ಲ. ಗೃಹಪ್ರವೇಶದ ದಿನ, ಹೋಮವಿಲ್ಲದೆ, ಬುದ್ಧನ ಮುಂದೆ ಬತ್ತಿ ಹಚ್ಚಿ ತ್ರಿಶರಣ ಹೇಳಿ ಊಟಕ್ಕೆ ಕೂತಾಗ, ಎದುರು ಮನೆಯವರು "ಪ್ಲಾಸ್ಟರ್ ಯಾವಾಗ ಸಾರ್? ಮೇಸ್ತ್ರಿ ಕೈ ಕೊಟ್ನಾ?" ಎಂದು ನಿಜವಾದ ಕನಿಕರದಿಂದ ಕೇಳಿದರು. ಅದನ್ನು ನಗುತ್ತ ತಡೆದುಕೊಂಡ. ತಡೆದುಕೊಳ್ಳಲಾಗದ್ದು ಕಾಲೇಜಿನ ಸಹೋದ್ಯೋಗಿ ರಜನೀಶ್ ಅಂದದ್ದು. ಕೈ ತೊಳೆಯುತ್ತ, ಗೋಡೆಯನ್ನು ಬೆರಳಿಂದ ಕುಟ್ಟಿ ನೋಡಿ, "ನಿಮ್ಮ ಕಡೆಯವರು ಎಷ್ಟು ಓದಿದ್ರೂ ಮಣ್ಣು ಬಿಡಲ್ಲ ನೋಡಿ ಸಾರ್, ಅದು ಮೆಚ್ಚಬೇಕಾದ್ದು" ಅಂದಿದ್ದ. ಮೆಚ್ಚುಗೆಯ ಧ್ವನಿಯಲ್ಲೇ ಅಂದ. ಧರ್ಮೇಂದ್ರ ಹೆಹೆ ಎಂದು ನಕ್ಕುಬಿಟ್ಟ, ಟವೆಲ್ ಕೊಟ್ಟ, ಬೀಡಾ ಕೊಟ್ಟ. ಆ ನಗೆ ಈಗಲೂ ಸ್ನಾನ ಮಾಡುವಾಗ, ಸ್ಕೂಟರ್ ಓಡಿಸುವಾಗ ಇದ್ದಕ್ಕಿದ್ದಂತೆ ನೆನಪಾಗಿ ಕಿವಿ ಬಿಸಿಯಾಗುತ್ತದೆ. ಅದಾದ ಮೇಲೆಯೇ ಭಾನುವಾರದ ಭಾಷಣ ಉದ್ದವಾಗುತ್ತ ಹೋದದ್ದು. ಅಪ್ಪನಿಗೆ ಇಂಥ ಭಾಷಣದ ಗೊಡವೆಯೇ ಇರಲಿಲ್ಲ. ಅರಕಲಗೂಡು, ಹೊಳೆನರಸೀಪುರದಲ್ಲೆಲ್ಲ ಕಂಡವರ ಮನೆಗೆ ಮೋಲ್ಡ್ ಹಾಕುವಾಗ ಬಾಂಡ್ಲಿ ಹೊತ್ತು ಹೊತ್ತು ನೆತ್ತಿಯ ಕೂದಲು ಸವೆಸಿಕೊಂಡವನು ಕೊನೆಗೆ ತನ್ನ ಮನೆಗೂ ಮೋಲ್ಡ್ ಹಾಕಿಸಿದ ದಿನ, ಹಸಿ ಕಾಂಕ್ರೀಟಿನ ಅಂಚಿನಲ್ಲಿ ಹಲಗೆಯ ಮೇಲೆ ನಿಂತು ಮೀಸೆ ತೀಡುತ್ತ ಇಡೀ ಊರನ್ನು ಮೇಲಿನಿಂದ ನೋಡಿದ. ಕೆಳಗೆ ಅವ್ವ ಕಂಡವರಿಗೆಲ್ಲ ಬೆಲ್ಲ ಹಂಚಿದಳು. ಪ್ರತಿ ಮಳೆಗಾಲಕ್ಕೂ ಒಂದಲ್ಲ ಒಂದು ಗೋಡೆ ಕುಸಿಯುತ್ತಿದ್ದ ಹಳೆಯ ಮನೆಯನ್ನು ಅವಳೇ ಗುದ್ದಲಿ ಹಿಡಿದು ಕೆಡವಿದ್ದಳು. ಒಂದು ಹೆಂಟೆಯನ್ನೂ ಉಳಿಸದೆ ಹೊತ್ತು ಹೊಲಕ್ಕೆ ಸುರಿದಿದ್ದಳು. ಆಗ ಕಾಲೇಜಿನಲ್ಲಿದ್ದ ಧರ್ಮೇಂದ್ರನಿಗೂ ಅದು ಹಬ್ಬವೇ.

ಕಾರು ಬಂದು ನಿಂತಿತು. ಪದ್ಮಕುಮಾರ್ ಮೆತ್ತನೆಯ ಮಾತಿನ ಮನುಷ್ಯ. ಚಕ್ರೇಶ್ವರಿಯ ನಡಿಗೆಯಲ್ಲೇ ಕುತೂಹಲವಿತ್ತು, ಗಂಡನಿಗಿಂತ ಮುಂಚೆ ಗೇಟು ತೆರೆದಳು. ಶಾಂತಿ ಎಳನೀರು ಕೆತ್ತಿಸಿ ಇಟ್ಟಿದ್ದಳು. ಬಂದವರಿಗೆ ಅವಳು ಯಾವಾಗಲೂ ಎಳನೀರನ್ನೇ ಕೊಡುತ್ತಾಳೆ. ಈ ಮನೆಯ ಲೋಟದಲ್ಲಿ ನೀರು ಕುಡಿಯಲು ಹಿಂಜರಿಯುವವರಿಗೂ ಎಳನೀರಿನಲ್ಲಿ ಮುಜುಗರವಿಲ್ಲ, ಕೊಟ್ಟವರಿಗೂ ಅವರ ಮುಖ ನೋಡುವ ಪ್ರಸಂಗವಿಲ್ಲ. ಗಂಡಹೆಂಡಿರಿಬ್ಬರೂ ಇದನ್ನು ಎಂದೂ ಬಾಯಿಬಿಟ್ಟು ಆಡಿಕೊಂಡವರಲ್ಲ. ಎಳನೀರು ಕುಡಿದ ಪದ್ಮಕುಮಾರ್, "ಇಟ್ಟಿಗೆ ಗೂಡು ಸುಡುವಾಗ ಎಷ್ಟೊಂದು ಜೀವ ಹೋಗ್ತವೆ ಸಾರ್. ನಮ್ಮ ತಂದೆ ಅದನ್ನೇ ಹೇಳೋರು. ಸುಡದೆ ಇರೋ ಗೋಡೆ ಅಂದ್ರಲ್ಲ, ಅದಕ್ಕೇ ಬಂದ್ವಿ" ಅಂದರು. ಧರ್ಮೇಂದ್ರ ಇದನ್ನು ಯೋಚಿಸಿಯೇ ಇರಲಿಲ್ಲ. ಮುಂದಿನ ಭಾನುವಾರಕ್ಕೆ ಸೇರಿಸಿಕೊಳ್ಳಬೇಕು ಅಂದುಕೊಂಡ. ಪೂಜೆ ಶುರುವಾಯಿತು. ಗೋಡೆ, ಹೆಂಚು, ಬೆಳಕಿಂಡಿ, ಬಚ್ಚಲ ಕಾಲುವೆ, ಬಸಳೆಯ ಚಪ್ಪರ. ಇವತ್ತು ಅವನ ನಾಲಿಗೆಗೆ ಎಲ್ಲಿಲ್ಲದ ಹುರುಪು, ಏಕೆಂದರೆ ಕೊನೆಯ ನಿಲ್ದಾಣ ಅವ್ವನ ಕೋಣೆ. ಇಬ್ಬರು ಅಪರಿಚಿತರ ಮುಂದೆ ಅವ್ವನನ್ನು ಕರೆದು ನಿಲ್ಲಿಸಿ, ಇವಳೇ ನನ್ನ ಗುರು ಎಂದು ಹೇಳಿ, ಮೊದಲ ಹಿಡಿ ಮಣ್ಣನ್ನು ಅವಳ ಕೈಗಿಡುತ್ತಾನೆ. ಅವಳ ಮುಖ ಅರಳುತ್ತದೆ. ಚೀಲದ ಗಂಟು ತಾನಾಗಿ ಬಿಚ್ಚುತ್ತದೆ. ಫೋನಿನ ಕ್ಯಾಮೆರಾ ಒರೆಸಿ ಸಿದ್ಧಮಾಡಿಕೊಂಡಿದ್ದ.

"ಈ ಗೋಡೆ ಯಾಕೆ ಹೀಗೇ ಬಿಟ್ಟಿದೀರಿ?" ಎಂದು ಚಕ್ರೇಶ್ವರಿ ಕೇಳಿದಳು, ಅವನು ಬಯಸಿದ್ದ ಹಾಗೆಯೇ. ಅವನು ಅವ್ವನನ್ನು ಕೂಗಿದ. ಅವಳು ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಂದು ಬಾಗಿಲಲ್ಲಿ ನಿಂತಳು. "ಇವಳು ನಮ್ಮವ್ವ. ಗೋಡೆ ಮೆತ್ತೋದ್ರಲ್ಲಿ ನಮ್ಮ ಸುತ್ತಲ ಊರಿಗೇ ಎತ್ತಿದ ಕೈ. ಈ ಗೋಡೆ ಅವಳಿಗೇ ಅಂತ ಮೀಸಲು" ಎಂದು ಹೇಳಿ, ಒಂದು ಬಾಂಡ್ಲಿಯನ್ನು ಒಳಗೆಳೆದು ಗೋಣಿ ಸರಿಸಿ, "ತಗೋ ಅವ್ವ, ತೋರ್ಸು ಅವರಿಗೆ" ಅಂದ. ಹುಳಿತ ಮಣ್ಣಿನ ವಾಸನೆ ಕೋಣೆ ತುಂಬ ಹರಡಿತು. ಅವ್ವ ಬಾಂಡ್ಲಿ ನೋಡಿದಳು, ಗೋಡೆ ನೋಡಿದಳು, ಆಮೇಲೆ ಅವನನ್ನು ನೋಡಿದಳು. ಅವಳ ಮುಖ ಅರಳಲಿಲ್ಲ, ಬಾಡಲೂ ಇಲ್ಲ. ಚಕ್ರೇಶ್ವರಿಯ ಕಡೆ ತಿರುಗಿ, ಸಂತೆಯ ಧಾರಣೆ ಹೇಳುವಷ್ಟು ಸಹಜವಾಗಿ, "ಒಳಗ್ಲ ಗ್ವಾಡೆ ನಂಗೊತ್ತಿಲ್ಲ ಕಣವ್ವ" ಅಂದಳು. "ನಾನ್ ಮೆತ್ತಿದ್ದೆಲ್ಲ ಈಚೆ ಗ್ವಾಡೆಯ. ಒಳ್ಗಡೆದ ಅವರ ಮನೆ ಎಣ್ಮಕ್ಳೇ ಮೆತ್ಕಳರು. ನಾವು ಮಣ್ ಕಲ್ಸಿ ವಸ್ಲ ತಾವ ಮಡಗ್ಬುಡದು. ನಾನ್ ಕಲ್ಸಿದ್ ಮಣ್ಣು ಒಳಿಕ್ಕೋಗದು. ನಾನ್ ಓಗಂಗಿರ್ನಿಲ್ಲ."

ಪದ್ಮಕುಮಾರ್ ಕಿಟಕಿಯಾಚೆ ನೋಡತೊಡಗಿದರು. ಧರ್ಮೇಂದ್ರ ಗೋಡೆ ಹಿಡಿದುಕೊಂಡು ನಿಂತ. ಅವನ ತಲೆ ಅವಸರದಲ್ಲಿ ಹಳೆಯದನ್ನೆಲ್ಲ ಕೆದಕುತ್ತಿತ್ತು. ಎಲ್ಲಾದರೂ ಒಂದು ಕಡೆ, ಒಂದೇ ಒಂದು ಮನೆಯಲ್ಲಿ, ಅವ್ವ ಒಳಗೆ ನಿಂತು ಮೆತ್ತಿದ್ದು ಇರಲೇಬೇಕು. ಸಿಗಲಿಲ್ಲ. ನೆನಪಾದದ್ದರಲ್ಲೆಲ್ಲ ಅವಳ ಬೆನ್ನ ಮೇಲೆ ಬಿಸಿಲಿತ್ತು. ಗೋಡೆ ಹೊಳೆಯುತ್ತಿದ್ದದ್ದು ಆ ಬಿಸಿಲಿಗೇ. ಎಷ್ಟು ಭಾನುವಾರ, ಎಷ್ಟು ಜನರ ಮುಂದೆ ಅವನು ಆ ಹೊಳಪನ್ನು ಬಣ್ಣಿಸಿದ್ದಾನೆ! ಅವಳು ಎಲ್ಲಿ ನಿಂತಿದ್ದಳು, ಬಾಯಾರಿದಾಗ ಎಲ್ಲಿ ಕುಡಿದಳು, ತನ್ನನ್ನು ಯಾಕೆ ಮಣ್ಣಿನ ರಾಶಿಯ ಪಕ್ಕ ಕೂರಿಸುತ್ತಿದ್ದಳು ಎಂಬುದೆಲ್ಲ ಕಣ್ಣ ಮುಂದೆಯೇ ಇದ್ದೂ ಅವನಿಗೆ ಕಂಡಿರಲಿಲ್ಲ. ರಜನೀಶನ ಮೇಲೆ ಇಷ್ಟು ದಿನ ಉರಿದದ್ದೂ ಈಗ ತನ್ನ ಕಡೆಗೇ ತಿರುಗಿದಂತಾಗಿ ಅವನು ಕುಗ್ಗಿಹೋದ. "ಅದುಕ್ಕೇ ಬುಟ್ಟಿದ್ಯೇನ್ಲಾ ಈ ಗ್ವಾಡೆಯ?" ಎಂದು ಅವ್ವ ಕೇಳಿದಳು. "ನಾನ್ ಬಂದು ಮೆತ್ಲಿ ಅಂತವ? ನಾನೇನೋ ನಿಂಗೆ ಕೈಲಿ ಕಾಸ್ ಸಾಲ್ದೆ ಬಂತು ಅನ್ಕಂಡೆ." ಅವನು ಹೂಂ ಅಂದ. "ಒಂದ್ ಮಾತ್ ಕೇಳ್ಬಾರ್ದಾಗಿತ್ತಾ?" ಗದರಿಸಿದ್ದರೆ ತಡೆದುಕೊಳ್ಳಬಹುದಿತ್ತು. ಅವಳು ಮೆತ್ತಗೆ ಕೇಳಿದಳು. "ಕೂಲಿಗೆ ಮೆತ್ತಿದ್ದಾಯ್ತು, ಬಿಟ್ಟಿಗೂ ಮೆತ್ತಿದ್ದಾಯ್ತು. ಈಗ ನಾನ್ ಮುಟ್ಟಕಿಲ್ಲ ಕಣಪ್ಪ" ಅಂದು ಅವಳು ಹೋಗಿ ತನ್ನ ಮಂಚದ ಮೇಲೆ, ಕಾಲು ಮೇಲಿಟ್ಟುಕೊಂಡು, ನೆಟ್ಟಗೆ ಕೂತಳು. ಆ ಕೂತ ಭಂಗಿಯಲ್ಲಿ ಎಂಥ ಗತ್ತಿತ್ತೆಂದರೆ, ನಾಚಿಕೆಯಿಂದ ತಲೆ ತಗ್ಗಿಸಿದ್ದವನು ಕೂಡ ಒಮ್ಮೆ ಕಣ್ಣೆತ್ತಿ ನೋಡಿದ.

ಆಗ ಚಕ್ರೇಶ್ವರಿ ಸೆರಗನ್ನು ಸುತ್ತಿ ಸೊಂಟಕ್ಕೆ ಸಿಕ್ಕಿಸಿಕೊಂಡಳು. ಗಾಜಿನ ಬಳೆಗಳನ್ನು ಮೊಣಕೈವರೆಗೆ ಏರಿಸಿದಳು. "ನೀವು ಮುಟ್ಟಬೇಡಿ ಅಮ್ಮ. ನೀವು ಹೇಳಿ, ನಾನು ಮಾಡ್ತೀನಿ. ನನಗೆ ಕಲೀಬೇಕು" ಅಂದಳು. "ಏ, ಸಗಣಿ ಹಾಕಿದಾರೆ ಅದಕ್ಕೆ, ಸೀರೆ…" ಎಂದು ಪದ್ಮಕುಮಾರ್ ಬಾಯಿ ತೆಗೆದರು. "ತೊಳೆದ್ರೆ ಹೋಗುತ್ತೆ ರೀ." ಬಗ್ಗಿ ಒಂದು ಹಿಡಿ ಮಣ್ಣೆತ್ತಿ ಗೋಡೆಗೆ ಹಚ್ಚಿದಳು. ಅದು ಕ್ಷಣ ಹೊತ್ತು ನಿಂತು, ಜಾರಿ, ಪಚಕ್ಕೆಂದು ನೆಲಕ್ಕೆ ಬಿತ್ತು. ಅವ್ವ ತಡೆಯಲಾರದೆ ನಕ್ಕುಬಿಟ್ಟಳು. "ಒಣಗಿದ್ ಗ್ವಾಡೆಗೆ ಎಲ್ಲವ್ವ ಇಡ್ಕಂಡದು? ನೀರ್ ಚಿಮುಕ್ಸಿ ಮದ್ಲು." ಶಾಂತಿ ತಂಬಿಗೆಯಲ್ಲಿ ನೀರು ತಂದುಕೊಟ್ಟಳು. "ಅಂಗಲ್ಲ, ರೊಟ್ಟಿ ತಟ್ದಂಗ್ ತಟ್ಬ್ಯಾಡಿ. ಒತ್ತಿ, ಎಳೀರಿ. ಬೆಳ್ಳಲ್ಲಿ ಅಲ್ಲ, ಅಂಗೈ ಬುಡ್ದಲ್ಲಿ. ಆಂ, ಅಂಗೆ." ಮೊದಮೊದಲು ಅಳುಕುತ್ತ, ನೀವು ತಾವು ಅನ್ನುತ್ತಿದ್ದ ಅವ್ವನ ದನಿ ನೋಡುನೋಡುತ್ತ ಏರಿತು. "ಏ, ಅದ್ಯಾಕ್ ಅಷ್ಟ್ ದಪ್ಪ ಮೆತ್ತೀಯೆ? ನಾಳಿಕ್ ಬಾಯ್ಬಿಡ್ತದೆ. ಇನ್ನೊಸಿ ತೆಳ್ಳಗೆ. ಮ್ಯಾಲಿಂದ ಬಾ." ಮಂಚದ ಮೇಲಿಂದ ಇಳಿಯದೆ, ಕೈಯನ್ನು ಗಾಳಿಯಲ್ಲಿ ಆಡಿಸುತ್ತ ಹೇಳಿಕೊಡುತ್ತಿದ್ದಳು. ಪಾತ್ರೆ ಅಂಗಡಿಯ ಸಾಹುಕಾರರ ಹೆಂಡತಿ, ಮೂಗಿನ ಮೇಲೆ ಮಣ್ಣು ಮಾಡಿಕೊಂಡು, ಸರಿನಾ ಅಮ್ಮ, ಈಗ ಸರಿನಾ ಎಂದು ಕೇಳುತ್ತಿದ್ದಳು. ಧರ್ಮೇಂದ್ರ ಕೈಯಲ್ಲಿದ್ದ ಫೋನನ್ನು ಜೇಬಿಗಿಟ್ಟ. ಇದರ ಫೋಟೋ ತೆಗೆಯುವ ಯೋಗ್ಯತೆ ತನಗಿಲ್ಲ ಅನ್ನಿಸಿತು, ಆದರೆ ನೋಡದೆ ಇರಲೂ ಆಗಲಿಲ್ಲ.

ನಿಂತೂ ನಿಂತೂ ಬೇಸರವಾದ ಪದ್ಮಕುಮಾರ್ ಮನಸ್ಸಿನಲ್ಲಿದ್ದ ಅನುಮಾನವನ್ನು ಕೊನೆಗೂ ಹೊರಹಾಕಿದರು. ಧರ್ಮೇಂದ್ರನನ್ನು ಬಿಟ್ಟು ಅವ್ವನನ್ನೇ ಕೇಳಿದರು: "ನಿಜ ಹೇಳಿ ಅಮ್ಮ. ಮಣ್ಣಿನ ಮನೆಯಲ್ಲಿ ಇದ್ದು ನೋಡಿದೋರು ನೀವು. ನಾಲ್ಕು ಜೋರು ಮಳೆ ಬಂದ್ರೆ ಇದು ನಿಲ್ಲುತ್ತಾ?" ಧರ್ಮೇಂದ್ರ ಅವ್ವನ ಬಾಯಿಯನ್ನೇ ನೋಡಿದ. ಗಾರೆ ಯಾವಾಗ ಎಂದು ಬೆಳಿಗ್ಗೆಯೂ ಕೇಳಿದ ಬಾಯಿ ಅದು. ಅವಳು ಈಗ ನಿಜ ಹೇಳಿಬಿಟ್ಟರೆ ಇನ್ನು ಯಾವ ಭಾನುವಾರವೂ ಇಲ್ಲ. ಅವ್ವ ಸೆರಗು ಸರಿಮಾಡಿಕೊಂಡಳು. "ಬಿದ್ದೋಗ್ತಿದ್ದದ್ದು ನಮ್ ಅಳೇ ಮನೆ ಸಾ" ಅಂದಳು. "ಅದುಕ್ ಅಡಿಪಾಯ ಎಲ್ಲಿತ್ತು? ಕೇರಿ ನೀರೆಲ್ಲ ಬಂದು ನಮ್ ಗ್ವಾಡೆ ಬುಡ್ದಾಗೇ ನಿಂತ್ಕಳದು. ಇದ ನೋಡಿ. ಕಲ್ಲು ಎಷ್ಟ್ ಎತ್ರುಕ್ ಕಟ್ಸವ್ನೆ? ಸೂರ ಎಷ್ಟ್ ಮುಂದುಕ್ ಬುಟ್ಟವ್ನೆ? ಮನ್ನೆ ರಾತ್ರಿ ಉಯ್ತಲ್ಲ ಮಳೆ, ನಾನ್ ಎದ್ದೋಗಿ ಸುತ್ತ ಗ್ವಾಡೆ ಮುಟ್ ಮುಟ್ಟಿ ನೋಡ್ಕ ಬಂದೆ. ಬೆಳ್ಳಷ್ಟ್ ಉದ್ದವೂ ನೆಂದಿರ್ನಿಲ್ಲ. ನನ್ ಮಗ ಓದವ್ನೆ ಸಾ, ಗ್ಯಾನ ಮಡಿಕ್ಕಂಡು ಕಟ್ಟವ್ನೆ. ಮಣ್ಣಂದ್ರೆ ಏನು ಅಂತ ನಮ್ಗಿಂತ ಯಾರಿಗ್ ಗೊತ್ತು?" ಕೊನೆಯ ಮಾತನ್ನು ಅವಳು ಕತ್ತು ಎತ್ತಿ ಆಡಿದಳು. ರಜನೀಶನಿಗೆ ಹೇಳಬೇಕಾಗಿದ್ದ ಮಾತು ಅದೇ ಎಂದು ಧರ್ಮೇಂದ್ರನಿಗೆ ಅನ್ನಿಸಿತು. ಗೊತ್ತಿದ್ದರೂ ತನ್ನ ಬಾಯಲ್ಲಿ ಅದು ಹೀಗೆ ಬರುತ್ತಿರಲಿಲ್ಲ. ಮಳೆಯಲ್ಲಿ ಎದ್ದು ಹೋಗಿ ಗೋಡೆ ಮುಟ್ಟಿ ನೋಡಿದಳೆ! ಮನೆ ಕುಸಿದು ಮಗ ಸೊಸೆ ಸಿಕ್ಕಿಕೊಳ್ಳುತ್ತಾರೆಂದು ಹೆದರಿ ಎದ್ದಿದ್ದಳು, ನೋಡಿ ಬಂದು ಮಲಗಿದ್ದಳು, ಬೆಳಿಗ್ಗೆ ಒಂದು ಮಾತೂ ಆಡದೆ ಕಾಫಿ ಕುಡಿದಿದ್ದಳು. ಹೆಮ್ಮೆಯೆಂದರೆ ಹೀಗೆ ಎದೆ ನೋಯುತ್ತದೆಂದು ಅವನಿಗೆ ತಿಳಿದಿರಲಿಲ್ಲ. ತಾನು ಇಷ್ಟು ದಿನ ಹೆಮ್ಮೆಯೆಂದು ಪಟ್ಟದ್ದು ಬೇರೆ ಯಾವುದೋ ಸಣ್ಣ ಖುಷಿಯಿರಬೇಕು.

ಗೋಡೆ ಪೂರ್ತಿ ಆಗುವ ಹೊತ್ತಿಗೆ ಚಕ್ರೇಶ್ವರಿಯ ತೋಳು ಸೋತಿತ್ತು. ಹಿಂದೆ ಸರಿದು ನೋಡಿದಳು. ಗೋಡೆ ಅಲ್ಲಲ್ಲಿ ಉಬ್ಬಿ, ಅಲ್ಲಲ್ಲಿ ತಗ್ಗಿ, ಹೊಸಬರ ಕೆಲಸ ಎಂಬುದು ದೂರಕ್ಕೇ ಗೊತ್ತಾಗುತ್ತಿತ್ತು. "ಕುಡಿಯೋಕೆ ಒಂಚೂರು ನೀರು ಕೊಡ್ರೀ" ಎಂದು ಶಾಂತಿಯನ್ನು ಕೇಳಿದಳು. ಎರಡೂ ಕೈ ಕೆಸರಾಗಿದ್ದರಿಂದ ಶಾಂತಿಯೇ ಲೋಟವನ್ನು ಬಾಯಿಗೆ ಹಿಡಿದಾಗ ಗಟಗಟ ಕುಡಿದಳು. "ಇಷ್ಟಕ್ಕೆ ಮುಗೀತಾ ಅಮ್ಮ?" ಎಂದಳು. "ಎಲ್ ಮುಗೀತು?" ಎಂದು ಅವ್ವ ಮಂಚದಿಂದ ಇಳಿದು ಗೋಡೆಯ ಹತ್ತಿರ ಬಂದಳು. "ಇದು ಒಣಗ್ಬೇಕು. ಒಣಗಿ ಸಣ್ ಸಣ್ ಸೀಳು ಬುಡ್ತದೆ. ಆಮ್ಯಾಕೆ ಮಣ್ಣ ನೀರಂಗ್ ಕಲ್ಸಿ ತೆಳ್ಳುಗ್ ಇನ್ನೊಂದ್ ಕೈ ಕೊಡ್ಬೇಕು. ನಯಸ್ಸು ಬರದು ಅದ್ರಲ್ಲೇ." "ಅದಕ್ಕೂ ನಾನೇ ಬರಲಾ?" ಅವ್ವ ಹಸಿ ಗೋಡೆಯ ಮುಂದೆ, ಸೂರಿನ ಕೆಳಗೆ, ಕೋಣೆಯ ನಡುವೆ ನಿಂತಳು. ಅವಳು ಧರ್ಮೇಂದ್ರನ ಕಡೆ ನೋಡಲೇ ಇಲ್ಲ.

"ಬ್ಯಾಡ" ಅಂದಳು ಚಕ್ರೇಶ್ವರಿಗೆ. "ಅದ ನಾನ್ ಕೊಡ್ತೀನಿ. ನೀನ್ ಬಂದು ನೋಡ್ಕಂಡೋಗೀವಂತೆ."

"ಯಾವತ್ತು ಬರ್ಲಿ ಅಮ್ಮ?"

"ಯಾವತ್ತಾರ ಬಾ ಕಣವ್ವ. ನಾನ್ ಇಲ್ಲೇ ಇರ್ತೀನಿ."